ಮಷೀನಲ್ಲಿ ಏನೂ ಇಲ್ಲ

ಕಂಪ್ಯೂಟರಿಗೆ ಸೇರಿದ ಪದಗಳಲ್ಲಿ ನನಗೆ ಮೊದಲು ಅರ್ಥವಾದದ್ದು ಸರ್ವರ್. ಯಾಕೆಂದರೆ ಅದಕ್ಕೂ ಮೊದಲು ನಾನೇ ಸರ್ವರ್ ಆಗಿದ್ದೆ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಮೇಲೆ ನಂಜನಗೂಡು ಬಸ್ ಸ್ಟ್ಯಾಂಡಿನ ಹತ್ತಿರ ಒಂದು ಹೋಟೆಲಿನಲ್ಲಿ ಕೆಲವು ವರ್ಷ ಇಡ್ಲಿ ವಡೆ ಹೊತ್ತು ತಿರುಗಿದ್ದೇನೆ. ಸರ್ವರ್ ಆದವನ ಕೆಲಸ ಸರಳ. ಟೇಬಲ್ಲಿಗೆ ಬಂದು ಕೂತವರು ಹೇಳಿದ್ದನ್ನು ತಂದಿಡಬೇಕು. ಕೂತವರು ಯಾರು, ಎಲ್ಲಿಂದ ಬಂದರು ಎಂದು ವಿಚಾರಿಸುವ ಹಾಗಿಲ್ಲ. ಒಮ್ಮೆ ವಿಚಾರಿಸಿ ಮಾಲೀಕರ ಹತ್ತಿರ ಬೈಸಿಕೊಂಡಿದ್ದೆ.

ಹೋಟೆಲಿನಿಂದ ನನ್ನನ್ನು ಬಿಡಿಸಿದ್ದು ಅಕ್ಕ. ಅವಳು ಪಿಯುಸಿ ಓದಿ, ಕನ್ನಡ ಇಂಗ್ಲಿಷ್ ಎರಡರಲ್ಲೂ ಟೈಪಿಂಗ್ ಪಾಸು ಮಾಡಿ, ತಿ. ನರಸೀಪುರದ ತಾಲ್ಲೂಕು ಕಚೇರಿ ಎದುರಿಗಿದ್ದ ಡಿಟಿಪಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮನೆ ನಂಜನಗೂಡಿನಲ್ಲಿ. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ಕ್ರಯಪತ್ರ, ಭಾಗಪತ್ರ, ಅಫಿಡವಿಟ್ಟು, ಗೃಹಪ್ರವೇಶದ ಕಾರ್ಡು ಎಲ್ಲ ಅವಳ ಕೈಯಲ್ಲೇ ಆಗಬೇಕು. ಜಮೀನಿನ ನಾಲ್ಕು ಕಡೆಯ ಚೆಕ್ಕುಬಂದಿಯನ್ನು ರೈತರು ಒಂದಕ್ಕೊಂದು ಕಲಸಿ ಹೇಳಿದರೂ ಅವಳು ಬಿಡಿಸಿ ಟೈಪು ಮಾಡುತ್ತಿದ್ದಳು. ಅವಳು ಇದ್ದರೆ ಮಾತ್ರ ಪತ್ರ ಮಾಡಿಸುತ್ತೇವೆ, ಇಲ್ಲದಿದ್ದರೆ ನಾಳೆ ಬರುತ್ತೇವೆ ಎನ್ನುವವರಿದ್ದರು.

ಇದರಿಂದ ಮನೆಯಲ್ಲಿ ನನಗೆ ತೊಂದರೆಯಾಗುತ್ತಿತ್ತು.

"ನಿಮ್ಮಕ್ಕನ ಕಾಲ್ ಧೂಳಾದ್ರೂ ಆಗ್ಲಾ ನೀನು" ಎಂದು ಅಮ್ಮ ಅನ್ನುತ್ತಿದ್ದಳು.

"ಧೂಳಾಗಕ್ಕೆ ಎಷ್ಟ್‌ವರ್ಗೂ ಓದ್ಬೇಕವ್ವ?" ಎಂದು ಕೇಳಿ ಸೌಟಿನಲ್ಲಿ ಏಟು ತಿಂದಿದ್ದೇನೆ.

ಅಕ್ಕ ಯಾರಿಗೋ ಹೇಳಿ ನನ್ನನ್ನು ನಂಜನಗೂಡಿನ ಸೈಬರ್ ಸೆಂಟರಿಗೆ ಸೇರಿಸಿದಳು. ಕಸ ಗುಡಿಸುವುದು, ಬಂದವರನ್ನು ಕೂರಿಸುವುದು, ಹೊತ್ತಾದರೆ ಎಬ್ಬಿಸುವುದು ನನ್ನ ಕೆಲಸ. ಎಬ್ಬಿಸುವುದೇ ಕಷ್ಟ. ಬರಬರುತ್ತಾ ಮಷೀನು ಕೆಟ್ಟರೆ ರಿಪೇರಿ ಮಾಡುವುದನ್ನೂ ಕಲಿತೆ. ಆ ಕಾಲದಲ್ಲಿ ರಿಪೇರಿ ಎಂದರೆ ಬಹುಪಾಲು ಆಫ್ ಮಾಡಿ ಆನ್ ಮಾಡುವುದು. ಇಷ್ಟಕ್ಕೇ ಬೀದಿಯವರು ನನ್ನನ್ನು ಎಂಜಿನಿಯರ್ ಎಂದು ಕರೆಯಲು ಶುರು ಮಾಡಿದ್ದರು. ನಾನು ಬೇಡ ಅನ್ನಲಿಲ್ಲ.

ನಿಜವಾದ ಎಂಜಿನಿಯರಿಂಗ್ ಓದುತ್ತಿದ್ದ ಗಿರಾಕಿಯೊಬ್ಬ ಮೈಸೂರಿನಿಂದ ಒಂದು ಫ್ಲಾಪಿ ತಂದ. "ಇಲ್ಲಿ ಕೂತ್ಕಂಡು ಅಲ್ಲೀ ಮಷೀನ್ ಆಡಿಸ್ಬೌದು ಕಣ್ಲಾ" ಎಂದ. ನಾನು ನಂಬಲಿಲ್ಲ. ನನ್ನನ್ನು ಮೂಲೆಯ ಮಷೀನಿನ ಮುಂದೆ ಕೂರಿಸಿ ತಾನು ಬಾಗಿಲ ಬಳಿಯ ಮಷೀನಿಗೆ ಹೋಗಿ ಏನೋ ಒತ್ತಿದ. ನನ್ನ ಮಷೀನಿನ ಸೀಡಿ ಟ್ರೇ ನಾಲಗೆ ಚಾಚಿದ ಹಾಗೆ ಹೊರಗೆ ಬಂತು. ಮತ್ತೆ ಒತ್ತಿದ, ಒಳಗೆ ಹೋಯಿತು. ನಾನು ಕುರ್ಚಿ ಬಿಟ್ಟು ಎದ್ದುಬಿಟ್ಟೆ. ಭಯ ಅಂದುಕೊಂಡೆ. ಆಸೆ ಎಂದು ಆಮೇಲೆ ಗೊತ್ತಾಯಿತು.

ಪ್ರೋಗ್ರಾಮಿನ ಹೆಸರು ನೆಟ್‌ಬಸ್. ನೆಟ್ ಮೇಲೆ ಓಡಾಡುವುದರಿಂದ ಬಸ್ ಎಂದು ಇಟ್ಟಿರಬೇಕು ಅಂದುಕೊಂಡಿದ್ದೆ. ಅದನ್ನು ಬರೆದವನ ದೇಶದ ಭಾಷೆಯಲ್ಲಿ ಬಸ್ ಎಂದರೆ ಕೀಟಲೆ ಎಂದು ಬಹಳ ವರ್ಷ ಕಳೆದ ಮೇಲೆ ತಿಳಿಯಿತು. ಅದರ ಜಾತಿಯವು ಇನ್ನೂ ಕೆಲವು ಇದ್ದವು. ಒಂದನ್ನು ಮಾಡಿದ ಗುಂಪಿನವರು ಅದಕ್ಕೆ ಬಾಯಲ್ಲಿ ಹೇಳಲಾಗದ ಹೆಸರಿಟ್ಟು, ಸಭೆಯೊಂದರಲ್ಲಿ ಎಲ್ಲರ ಎದುರು ಓಡಿಸಿ ತೋರಿಸಿದ್ದರಂತೆ. ಕಂಪ್ಯೂಟರ್ ಮಾಡುವ ದೊಡ್ಡವರಿಗೆ, ನಿಮ್ಮ ಮನೆಗೆ ಅಗುಳಿಯೇ ಇಲ್ಲ ನೋಡಿ ಎಂದು ತೋರಿಸುವುದು ಅವರ ಉದ್ದೇಶವಂತೆ. ಇನ್ನೊಂದರಲ್ಲಿ ಬಣ್ಣಬಣ್ಣದ ಬಟನ್‌ಗಳಿದ್ದವು. ಮಾಡಿದವರನ್ನು ಕೇಳಿದರೆ, ಇದು ದೂರದಿಂದ ಮಷೀನು ನೋಡಿಕೊಳ್ಳುವ ಸಾಧನ ಅನ್ನುತ್ತಿದ್ದರಂತೆ. ನೋಡಿಕೊಳ್ಳುವುದು ಎಂಬ ಮಾತಿಗೆ ನಮ್ಮ ಕಡೆ ಎರಡು ಅರ್ಥ. ಅಲ್ಲೂ ಹಾಗೇ ಇರಬೇಕು.

ಫ್ಲಾಪಿಯಲ್ಲಿ ಎರಡು ಫೈಲು. ಒಂದು ಆಡಿಸುವವನ ಕಡೆ ಇರುತ್ತದೆ, ಅದು ಕ್ಲೈಂಟ್, ಅಂದರೆ ಗಿರಾಕಿ. ಇನ್ನೊಂದು ಆಡಿಸಿಕೊಳ್ಳುವ ಮಷೀನಿನೊಳಗೆ ಅಡಗಿ ಕೂರುತ್ತದೆ, ಅದು ಸರ್ವರ್. ಗಿರಾಕಿ ಹೊರಗಿನಿಂದ ಬರುತ್ತಾನೆ, ಸರ್ವರ್ ಅಲ್ಲೇ ಕಾದಿರುತ್ತಾನೆ, ಹೇಳಿದ್ದನ್ನು ತರುತ್ತಾನೆ. ನನಗೆ ಒಂದೇ ಸಲಕ್ಕೆ ಅರ್ಥವಾಯಿತು. ಅರ್ಥವಾದದ್ದು ಅರ್ಧ ಮಾತ್ರ. ಸರ್ವರ್ ಫೈಲಿನ ಹೆಸರು ಪ್ಯಾಚ್ ಎಂದಿತ್ತು. ನಮ್ಮಲ್ಲಿ ಪ್ಯಾಚು ಹಾಕುವುದು ಎಂದರೆ ಟ್ಯೂಬಿನ ತೂತು ಮುಚ್ಚುವುದು. ಇದು ತೂತು ಮಾಡುವ ಪ್ಯಾಚು.

ಅದನ್ನು ಹಾಗೇ ಕೊಟ್ಟರೆ ಯಾರೂ ತೆರೆಯುವುದಿಲ್ಲ ಎಂದು ಯಾರೋ ಅದನ್ನು ಒಂದು ಆಟದೊಳಗೆ ಸೇರಿಸಿದ್ದರು. ಬಿಲದಿಂದ ತಲೆ ಎತ್ತುವ ಹೆಗ್ಗಣಗಳ ತಲೆಗೆ ಹೊಡೆಯುವ ಆಟ. ಹೊಡೆಯುತ್ತಾ ಕೂತಿದ್ದರೆ ಹಿಂದಿನಿಂದ ಸರ್ವರ್ ಮಷೀನಿನೊಳಕ್ಕೆ ಇಳಿದಿರುತ್ತದೆ. ನಾನು ಅದನ್ನು ತೆಗೆದುಕೊಂಡು ನರಸೀಪುರಕ್ಕೆ ಹೋದೆ.

"ಏನ್ಲಾ ಇದು?" ಎಂದಳು ಅಕ್ಕ.

"ಆಟ ಕಣಕ್ಕ. ಊಟದ್ ಹೊತ್ನಲ್ಲಿ ಆಡು."

ಆಡಿದಳು. ಚೆನ್ನಾಗಿಯೇ ಹೊಡೆದಳು. "ಪರ್ವಾಗಿಲ್ಲ ಕಣೋ, ಮೊದ್ಲನೇ ಸಲ ಒಂದ್ ಒಳ್ಳೇದ್ ತಂದಿದ್ದೀಯ" ಎಂದು ಪಕ್ಕದ ಬೇಕರಿಯಿಂದ ಬನ್ನು ತರಿಸಿ ಕೊಟ್ಟಳು. ತಿಂದೆ.

ಯಾಕೆ ಮಾಡಿದೆ ಎಂದರೆ ಹೇಳುವುದು ಕಷ್ಟ. ಅಕ್ಕನಿಗೆ ಕೆಟ್ಟದಾಗಲಿ ಎಂದಲ್ಲ. ಅಕ್ಕನಿಗೆ ಗೊತ್ತಿಲ್ಲದ್ದು ನನಗೊಂದು ಗೊತ್ತಿರಲಿ ಎಂದು. ಅದನ್ನು ಅವಳಿಗೆ ಹೇಳಿಬಿಟ್ಟರೆ ಅವಳಿಗೂ ಗೊತ್ತಾಗಿಬಿಡುತ್ತದೆ, ಆದ್ದರಿಂದ ಹೇಳಲಿಲ್ಲ.

ಆಗ ಅಂಗಡಿಗಳಲ್ಲಿ ನೆಟ್ ಬರುತ್ತಿದ್ದುದು ಟೆಲಿಫೋನ್ ತಂತಿಯಲ್ಲಿ. ಅಕ್ಕನ ಮಷೀನು ನೆಟ್‌ಗೆ ಸೇರಿದರೆ ಅದರ ಆ ಹೊತ್ತಿನ ನೆಟ್ ವಿಳಾಸದ ನಂಬರು ನನ್ನ ಮೇಲ್‌ಗೆ ಬರುವಂತೆ ಮಾಡಿಕೊಂಡಿದ್ದೆ. ಆದರೆ ಇನ್ನೂ ನೆಟ್‌ನಲ್ಲೇ ಇದ್ದಾಳೋ ಎದ್ದಳೋ ತಿಳಿಯಬೇಕಲ್ಲ. ಅದಕ್ಕೆ ಪಕ್ಕದ ಎಸ್‌ಟಿಡಿ ಬೂತಿಗೆ ಹೋಗಿ ಅವಳ ಅಂಗಡಿಗೆ ಫೋನು ಮಾಡುತ್ತಿದ್ದೆ. ಎಂಗೇಜ್ ಬಂದರೆ ನೆಟ್‌ನಲ್ಲಿದ್ದಾಳೆ. ಎಂಗೇಜ್ ಬಂದರೆ ಮೀಟರೂ ಓಡುವುದಿಲ್ಲ. ಹಾಗಾಗಿ ಈ ಕೆಲಸದಲ್ಲಿ ನನಗೆ ಹೆಚ್ಚು ಖರ್ಚಿರಲಿಲ್ಲ. ಒಂದೊಂದು ಸಲ ಅಕ್ಕನೇ ಎತ್ತಿ "ಅಲೋ" ಅನ್ನುತ್ತಿದ್ದಳು. ನಾನು ಇಟ್ಟುಬಿಡುತ್ತಿದ್ದೆ. ಬೂತಿನವನು ಮಾತ್ರ, ನನಗೆ ನರಸೀಪುರದಲ್ಲಿ ಯಾವಳೋ ಹುಡುಗಿ ಇದ್ದಾಳೆ ಎಂದು ತಿಳಿದು ಧೈರ್ಯ ಹೇಳುತ್ತಿದ್ದ.

ಮೊದಲು ಟ್ರೇ ತೆರೆದೆ. ಆಮೇಲೆ ಮೌಸಿನ ಎಡ ಬಲ ಅದಲು ಬದಲು ಮಾಡಿದೆ. ಒಂದು ದಿನ ಪರದೆಯ ಮೇಲೆ "ಊಟ ಆಯ್ತಾ" ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳಿಸಿದೆ. ಆ ಪೆಟ್ಟಿಗೆಯಲ್ಲಿ ಓಕೆ ಎನ್ನುವ ಬಟನ್ ಬಿಟ್ಟರೆ ಬೇರೆ ಇರಲಿಲ್ಲ. ಅವಳು ಓಕೆ ಒತ್ತಿದಳು. ಊಟ ಆಗಿದೆ ಎಂದು ತಿಳಿದುಕೊಂಡೆ.

ಸಂಜೆ ಮನೆಗೆ ಬಂದು ಅಕ್ಕ ಎಲ್ಲ ಹೇಳುತ್ತಿದ್ದಳು. ಅಂಗಡಿ ಮಾಲೀಕರು ಕರೆಂಟ್ ಹೆಚ್ಚು ಕಮ್ಮಿಯಾಗಿ ಟ್ರೇ ಬರುತ್ತಿದೆ ಎಂದು ಸ್ಟೆಬಿಲೈಸರ್ ತಂದು ಹಾಕಿಸಿದರಂತೆ. ಆಮೇಲೂ ಬಂದಾಗ, ಬಂದದ್ದು ಬರಲಿ ಎಂದು ಅದರ ಮೇಲೆ ಟೀ ಲೋಟ ಇಡಲು ಶುರು ಮಾಡಿದರಂತೆ. ನಾನು ನಂಜನಗೂಡಿನಿಂದ ಟ್ರೇ ಒಳಗೆ ಎಳೆದಾಗ ಒಮ್ಮೆ ಲೋಟ ಬಿದ್ದು ಯಾರದೋ ಪಂಚೆ ಮೇಲೆ ಟೀ ಚೆಲ್ಲಿತಂತೆ. ಅಮ್ಮ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಅಕ್ಕ ಮಾತ್ರ "ನಗ್ಬ್ಯಾಡ್ರಿ. ನಾನ್ ಮುಟ್ದೇ ಅದು ಆಡ್ತದೆ" ಅನ್ನುತ್ತಿದ್ದಳು. ಬರಬರುತ್ತಾ ಅವಳು ಊಟ ಕಡಿಮೆ ಮಾಡಿದಳು. ನಾನು ಆಡಿಸುವುದನ್ನು ನಿಲ್ಲಿಸಿದೆ. ನಿಲ್ಲಿಸಿದ್ದಕ್ಕೆ ನನ್ನ ಬಗ್ಗೆ ನನಗೇ ಮೆಚ್ಚುಗೆಯಾಯಿತು.

ಆದರೆ ಮಷೀನು ನಿಲ್ಲಿಸಲಿಲ್ಲ.

"ಇವತ್ತೂ ಆಡ್ತು" ಎಂದು ಅಕ್ಕ ಹೇಳಿದಾಗ ಮೊದಲು ನಂಬಲಿಲ್ಲ. ನಾನಂತೂ ಮುಟ್ಟಿಲ್ಲ. ಎಂಜಿನಿಯರಿಂಗ್ ಗಿರಾಕಿ ಬಂದಾಗ ಬೇರೆ ಯಾರದೋ ವಿಷಯ ಎಂಬಂತೆ ಕೇಳಿದೆ.

"ಪಾಸ್‌ವರ್ಡ್ ಆಕಿದ್ಯಾ ಸರ್ವರ್‌ಗೆ?"

"ಇಲ್ಲ."

"ಅಂಗಾರೆ ಯಾರ್ ಬೇಕಾದ್ರೂ ಆಡಿಸ್ತಾರೆ. ನೆಟ್ ತುಂಬ ಬಾಗ್ಲು ತಟ್ಕಂಡ್ ತಿರ್ಗೋರ್ ಅವ್ರೆ. ಎಲ್ಲಿ ಈ ಸರ್ವರ್ ಅದೆ ಅಂತ ಊರೂರಿಗೆ ತಟ್ತಾರೆ. ತೆಗ್ದಿದ್ರೆ ಒಳೀಕ್ ಓಯ್ತಾರೆ."

ಅರ್ಥವಾಗದೆ ಉಳಿದಿದ್ದ ಅರ್ಧ ಅದು. ಸರ್ವರ್ ಆದವನು ಟೇಬಲ್ಲಿಗೆ ಬಂದವರಿಗೆಲ್ಲ ತಂದಿಡುತ್ತಾನೆ. ಕೆಲಸಕ್ಕೆ ಇಟ್ಟವನಿಗೆ ಮಾತ್ರ ಎಂದು ಎಲ್ಲೂ ಇಲ್ಲ. ಇದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕಿತ್ತು?

ಬರುವ ಭಾನುವಾರ ಹೋಗಿ ಅದನ್ನು ತೆಗೆದುಬಿಡೋಣ ಅಂದುಕೊಂಡೆ. ಭಾನುವಾರ ಬರುವ ಮೊದಲೇ ಆಗಬಾರದ್ದು ಆಯಿತು. ಅಂಗಡಿಯಲ್ಲಿ ಅಣ್ಣತಮ್ಮಂದಿರ ಒಂದು ಭಾಗಪತ್ರ ನಡೆಯುತ್ತಿತ್ತು. ಅವರ ಹೆಂಡತಿಯರು, ಪಂಚಾಯ್ತಿಗೆ ಬಂದ ಹಿರಿಯರು, ಎಲ್ಲರೂ ಅಕ್ಕನ ಬೆನ್ನ ಹಿಂದೆ ನಿಂತು ಪರದೆ ನೋಡುತ್ತಿದ್ದರು. ಪತ್ರದ ಮೇಲೆ ಇದ್ದಕ್ಕಿದ್ದ ಹಾಗೆ ಒಂದು ಚಿತ್ರ ತೆರೆದುಕೊಂಡಿತು. ಎಂಥ ಚಿತ್ರ ಎಂದು ಬರೆಯುವುದಿಲ್ಲ. ಅಕ್ಕ ಮುಚ್ಚಿದಳು, ಮತ್ತೆ ಬಂತು. ಮುಚ್ಚಿದಳು, ಇನ್ನೊಂದು ಬಂತು. ಕೊನೆಗೆ ಸ್ವಿಚ್ಚು ಆರಿಸಿದಳು. ಹಿರಿಯರೊಬ್ಬರು "ಈ ಮಗ ಇಂಥದ್ನೆಲ್ಲ ನೋಡ್ತದಾ?" ಎಂದರಂತೆ. ಅದನ್ನು ಕಳಿಸಿದವನು ಯಾವ ದೇಶದಲ್ಲಿ ಕೂತಿದ್ದನೋ. ತಿ. ನರಸೀಪುರ ಎಂಬ ಒಂದು ಊರು ಇದೆ ಎಂದೂ ಅವನಿಗೆ ಗೊತ್ತಿರಲಿಕ್ಕಿಲ್ಲ.

ಮಾಲೀಕರು ಕೆಟ್ಟವರಲ್ಲ. ಅಕ್ಕನನ್ನು ಅಂದೇ ಕಳಿಸಬಹುದಿತ್ತು, ಕಳಿಸಲಿಲ್ಲ. ನಮ್ಮ ಸೈಬರ್ ಸೆಂಟರಿಗೆ ಫೋನು ಮಾಡಿ ನನ್ನನ್ನು ಕೇಳಿದರು.

"ನೋಡಪ್ಪಾ, ಮಷೀನು ತಾನೇ ತಾನಾಗಿ ತಗೀತು ಅಂತಾಳೆ ನಿಮ್ಮಕ್ಕ. ನಂಗ್ ಇದ್ರ ತಲೆಬುಡ ಗೊತ್ತಾಗಲ್ಲ. ನೀನ್ ಎಂಜಿನಿಯರು, ಬಂದ್ ನೋಡು. ಅಂಗಾಯ್ತದೆ ಅಂತ ನೀನ್ ಒಂದ್ ಮಾತ್ ಏಳ್ಬುಟ್ರೆ ನಾನ್ ಒಪ್ಕತೀನಿ."

ಹೋದೆ. ಮಾಲೀಕರು ಪಕ್ಕದಲ್ಲಿ ಕೂತರು. ಭಾಗಪತ್ರದ ಅಣ್ಣತಮ್ಮಂದಿರೂ ಬಂದಿದ್ದರು. ಅಕ್ಕ ಹಿಂದೆ ನಿಂತಿದ್ದಳು. ನಾನು ಮಷೀನು ಆನ್ ಮಾಡಿದೆ. ಸರ್ವರ್ ಎಲ್ಲಿ ಅಡಗಿರುತ್ತದೆ ಎಂದು ಹುಡುಕಬೇಕಾಗಿರಲಿಲ್ಲ, ಕೂರಿಸಿದವನು ನಾನೇ. ಕಂಡಿತು. ತೋರಿಸಬಹುದಿತ್ತು. ಇಗೋ ಸಾ, ಇದೇ, ಇದು ಹೊರಗಿನಿಂದ ಆಡಿಸುವಂಥದ್ದು, ಅಕ್ಕನದೇನೂ ತಪ್ಪಿಲ್ಲ, ತಂದವನು ನಾನು ಎನ್ನಬಹುದಿತ್ತು. ಕೊನೆಯ ಮಾತೊಂದನ್ನು ನುಂಗಿಕೊಂಡು ಉಳಿದದ್ದನ್ನಾದರೂ ಹೇಳಬಹುದಿತ್ತು. ಕಂಪ್ಯೂಟರ್ ಅಪರಾಧಕ್ಕೆ ಹೊಸ ಕಾನೂನು ಬಂದಿದೆ ಎಂದು ಪೇಪರಿನಲ್ಲಿ ನೋಡಿದ್ದೆ. ಪೊಲೀಸರು ಬರುತ್ತಾರೆ, ಸೈಬರ್ ಸೆಂಟರಿನಿಂದ ಓಡಿಸುತ್ತಾರೆ, ಮತ್ತೆ ಇಡ್ಲಿ ವಡೆ. ಇಷ್ಟು ತಲೆಯಲ್ಲಿ ಓಡಿತು. ಆ ಫೈಲನ್ನು ಅಳಿಸಿದೆ. ಮಷೀನನ್ನು ಆಫ್ ಮಾಡಿ ಆನ್ ಮಾಡಿದೆ.

"ಮಷೀನಲ್ಲಿ ಏನೂ ಇಲ್ಲ ಸಾ" ಎಂದೆ.

ಅದು ನಿಜವೇ ಆಗಿತ್ತು. ಆಗಷ್ಟೇ ಅಳಿಸಿದ್ದೆನಲ್ಲ.

"ಸರ್ಯಾಗ್ ನೋಡೋ" ಎಂದಳು ಅಕ್ಕ.

"ನೋಡ್ದೆ ಕಣಕ್ಕ. ಏನೂ ಇಲ್ಲ."

"ಇನ್ನೊಂದ್ ಸಲ ನೋಡೋ."

ಇನ್ನೊಂದು ಸಲವೂ ನೋಡಿದೆ. ನೋಡುವ ಹಾಗೆ ಮೌಸು ಆಡಿಸಿದೆ. ಮಾಲೀಕರು ಎದ್ದು ಹೊರಗೆ ಹೋಗಿ ಎಲೆ ಅಡಿಕೆ ಉಗಿದು ಬಂದು, "ನಾಳೆಯಿಂದ ಬರೋದ್ ಬ್ಯಾಡ ಕಣವ್ವ" ಎಂದರು. ಬೈಯಲಿಲ್ಲ. ಬೈದಿದ್ದರೆ ಅಕ್ಕ ಜಗಳವಾಡುತ್ತಿದ್ದಳು.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳೇ ನನಗೆ ಸಮಾಧಾನ ಹೇಳಿದಳು. "ನೀನೇನ್ ಮಾಡ್ತೀಯ ಬುಡು. ನಿಂಗ್ ಗೊತ್ತಿರೋದೇ ಅಷ್ಟು." ಅವಳು ನನ್ನನ್ನು ದಡ್ಡ ಎಂದು ತಿಳಿದದ್ದು ಆ ಹೊತ್ತಿಗೆ ನನಗೆ ಅನುಕೂಲವಾಗಿಯೇ ಇತ್ತು.

ಅವಳು ಬಿಟ್ಟ ಮೇಲೆ ಆ ಮಷೀನು ಒಂದು ದಿನವೂ ಕೀಟಲೆ ಮಾಡಲಿಲ್ಲ. ಟ್ರೇ ಬರಲಿಲ್ಲ, ಚಿತ್ರ ಬರಲಿಲ್ಲ. ನೋಡಿದಿರಾ, ಅವಳು ಹೋದಳು, ಮಷೀನು ಸರಿಹೋಯಿತು ಎಂದು ಎರಡೂ ಊರಿನಲ್ಲಿ ಮಾತಾಯಿತು. ನಾನು ಕಳ್ಳತನ ಮುಚ್ಚಿಕೊಳ್ಳಲು ಮಾಡಿದ ರಿಪೇರಿ ಅವಳ ವಿರುದ್ಧದ ಸಾಕ್ಷಿಯಾಯಿತು. ನರಸೀಪುರದಲ್ಲಾಗಲಿ ನಂಜನಗೂಡಿನಲ್ಲಾಗಲಿ ಯಾವ ಟೈಪಿಂಗ್ ಅಂಗಡಿಯವರೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಗೊತ್ತಾಗಿದ್ದ ಒಂದು ಸಂಬಂಧದವರು ಜಾತಕ ಕೂಡಿಲ್ಲ ಎಂದು ಹೇಳಿ ಕಳಿಸಿದರು. ಜಾತಕ ನಾವು ಕೊಟ್ಟೇ ಇರಲಿಲ್ಲ. ಅಕ್ಕ ಹತ್ತಿರದ ಬದನವಾಳಿನ ಖಾದಿ ಕೇಂದ್ರಕ್ಕೆ ನೂಲು ತೆಗೆಯುವ ಕೆಲಸಕ್ಕೆ ಹೋದಳು. ಮುಂದೆ ಅಲ್ಲಿನವರನ್ನೇ ಮದುವೆಯಾಗಿ ಅಲ್ಲೇ ಉಳಿದಳು. ಭಾವ ಒಳ್ಳೆಯವರು. ಅವರಿಗೆ ಈ ವಿಷಯ ಮದುವೆಗೆ ಮೊದಲೇ ಅಕ್ಕನೇ ಹೇಳಿದ್ದಳಂತೆ. ಅವರು ನಂಬಿದರಂತೆ. ಕಂಪ್ಯೂಟರ್ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ.

ನಾನು ಸೈಬರ್ ಸೆಂಟರಿನಲ್ಲಿ ಮುಂದುವರಿದೆ. ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದೇನೆ. ನೆಟ್‌ಬಸ್ಸಿನ ಕಾಲ ಯಾವಾಗಲೋ ಮುಗಿಯಿತು. ಕೀಟಲೆಗೆ ಅಂತ ಹುಟ್ಟಿದ ಆ ಜಾತಿಯವು ಆಮೇಲೆ ಬ್ಯಾಂಕಿನ ಕಳ್ಳತನಕ್ಕೆ ತಿರುಗಿದವು ಎಂದು ಓದಿದ್ದೇನೆ. ತಮ್ಮ ಮಷೀನಿನಲ್ಲಿ ಯಾರೋ ಹೊರಗಿನವರು ಕೆಟ್ಟ ಚಿತ್ರ ಇಟ್ಟದ್ದಕ್ಕೆ ಕೆಲಸ ಕಳೆದುಕೊಂಡವರು ಬೇರೆ ದೇಶಗಳಲ್ಲೂ ಇದ್ದಾರಂತೆ. ಓದಿದಾಗ ಮೊದಲು ಸಮಾಧಾನವಾಯಿತು, ನಮ್ಮ ಊರಲ್ಲಿ ಮಾತ್ರ ಅಲ್ಲ ಎಂದು. ಆಮೇಲೆ ಆ ಸಮಾಧಾನಕ್ಕೆ ನಾಚಿಕೆಯಾಯಿತು.

ಹೋದ ವರ್ಷ ಬದನವಾಳಿನಿಂದ ಅಕ್ಕ ಫೋನು ಮಾಡಿದಳು.

"ಯಾರೋ ಕರೆಂಟ್ ಆಫೀಸಿನೋನಂತೆ ಕಣ್ಲಾ. ಬಿಲ್ ಕಟ್ಟಿಲ್ಲ, ಇವತ್ತೇ ಲೈನ್ ಕಟ್ ಮಾಡ್ತೀವಿ ಅಂದ. ಅದೇನೋ ಆಪ್ ಆಕಂಡ್ರೆ ಅಲ್ಲಿಂದ್ಲೇ ಸರಿ ಮಾಡ್ಕೊಡ್ತೀನಿ ಅಂತಾನೆ. ಅಲ್ಲಿ ಕೂತ್ಕಂಡು ಇಲ್ಲೀ ಫೋನ್ ಆಡ್ಸಕಾಯ್ತದಾ?"

"ಆಯ್ತದೆ ಕಣಕ್ಕ. ಆಕಬ್ಯಾಡ. ಅವ್ನು ಕಳ್ಳ. ಮೊದ್ಲು ಫೋನ್ ಇಡು."

"ಇಟ್ಬುಟ್ಟೇ ನಿಂಗ್ ಮಾಡಿದ್ದು" ಎಂದಳು. ನಾನು ಫೋನು ಇಡುವುದರಲ್ಲಿದ್ದೆ, ಅಷ್ಟರಲ್ಲಿ ಮತ್ತೆ ಕೇಳಿದಳು. "ಇವಾಗ ಆಯ್ತದೆ ಅಂತೀಯ. ಅವಾಗ ಆಯ್ತಿತ್ತಾ?"

ಫೋನಿನಲ್ಲಿ ಹೇಳುವ ಮಾತಲ್ಲ ಅದು. ಅಂಗಡಿ ಮುಚ್ಚಿ ಬದನವಾಳಿಗೆ ಹೋದೆ. ಅವಳು ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಫ್ಲಾಪಿಯಿಂದ ಹಿಡಿದು ಫೈಲು ಅಳಿಸಿದವರೆಗೆ ಹೇಳಿದೆ. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ನಡುವೆ ಒಂದೇ ಸಲ ಮಾತಾಡಿದಳು.

"ಆ ಚಿತ್ರ ಬುಟ್ಟೋನು ಯಾರು?"

"ಗೊತ್ತಿಲ್ಲ ಕಣಕ್ಕ."

"ಅವ್ನ್ ಓಗ್ಲಿ. ಅವ್ನಿಗ್ ನಾನ್ ಯಾರು ಅಂತ್ಲೂ ಗೊತ್ತಿರ್ಲಿಲ್ಲ. ನಿಂಗ್ ಗೊತ್ತಿತ್ತಲ್ಲ."

ತಪ್ಪಾಯಿತು ಎಂದೆ. ಕಾಲು ಹಿಡಿಯಲು ಬಗ್ಗಿದೆ. ಅವಳು ಕಾಲನ್ನು ಹಿಂದಕ್ಕೆ ಎಳೆದುಕೊಂಡಳು.

"ನಂಗ್ಯಾಕ್ಲಾ ಏಳ್ತೀಯ? ನಾನ್ ಮಾಡಿಲ್ಲ ಅಂತ ನಂಗ್ ಅವತ್ತಿಂದ್ಲೂ ಗೊತ್ತು. ಗೊತ್ತಿಲ್ದೋರ್ಗೆ ಓಗ್ ಏಳು."

ಅವತ್ತು ಅವಳು ನನಗೆ ಒಂದು ಲೋಟ ನೀರೂ ಕೊಡಲಿಲ್ಲ. ನಮ್ಮ ಕಡೆ ಅದು ಸಣ್ಣ ಮಾತಲ್ಲ.

ನಾನೊಬ್ಬನೇ ಹೋಗಿ ಬರುತ್ತೇನೆ ಎಂದರೆ ಅವಳು ಒಪ್ಪಲಿಲ್ಲ. "ನೀನ್ ಅರ್ಧ ಏಳಿ, ಟೀ ಕುಡ್ದು ಬತ್ತೀಯ" ಎಂದಳು. ಮುಂದಿನ ಸೋಮವಾರ ಇಬ್ಬರೂ ನರಸೀಪುರಕ್ಕೆ ಹೋದೆವು. ತಾಲ್ಲೂಕು ಕಚೇರಿ ಎದುರಿನ ಅಂಗಡಿ ಈಗ ಆನ್‌ಲೈನ್ ಅರ್ಜಿ ಹಾಕುವ ಜಾಗ. ಮಾಲೀಕರಿಗೆ ವಯಸ್ಸಾಗಿದೆ, ಆದರೂ ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಅಕ್ಕನನ್ನು ಕೂಡಲೇ ಗುರುತು ಹಿಡಿದರು. "ನಿನ್ನಂಗೆ ಚೆಕ್ಕುಬಂದಿ ಬರ್ಯೋರು ಆಮೇಲ್ ಯಾರೂ ಸಿಗ್ನಿಲ್ಲ ಕಣವ್ವ" ಎಂದರು. ಅಕ್ಕ ನನ್ನ ಕಡೆ ನೋಡಿದಳು. ನಾನು ಶುರು ಮಾಡಿದೆ.

ಅಂಗಡಿಯಲ್ಲಿ ಅರ್ಜಿ ಹಾಕಲು ಬಂದ ಏಳೆಂಟು ಜನ ಇದ್ದರು. ಅವರೂ ಕೇಳಿದರು. ಮುಗಿಯುವವರೆಗೂ ಮಾಲೀಕರು ಕಣ್ಣು ಮುಚ್ಚಿ ಕೂತಿದ್ದರು. ಮಲಗಿದರೇನೋ ಎಂದು ನನಗೆ ಅನುಮಾನ ಬಂತು.

"ಅವತ್ತು ಮಷೀನಲ್ಲಿ ಏನೂ ಇಲ್ಲ ಅಂದೋನು ನೀನೇ ಅಲ್ವಾ?" ಎಂದರು ಕಣ್ಣು ಬಿಟ್ಟು.

"ಊಂ ಸಾ."

"ಇವತ್ತು ಇತ್ತು ಅಂತೀಯ."

"ಇತ್ತು ಸಾ."

"ಅಂಗಾರೆ ಯಾವುದ್ನಪ್ಪಾ ನಾನ್ ನಂಬೋದು? ಅವತ್ತಿನ್ ಮಾತಾ, ಇವತ್ತಿಂದಾ?"

"ಇವತ್ತಿಂದು ಸಾ. ಅವತ್ತು ಸುಳ್ಳು ಏಳಿದ್ದೆ."

"ಸುಳ್ಳು ಏಳೋನು ಅಂತ ನೀನೇ ಒಪ್ಕಂಡ್ಯಲ್ಲ" ಎಂದು ಅವರು ಅರ್ಜಿಯವರ ಕಡೆ ತಿರುಗಿ ನಕ್ಕರು. "ಒಡಹುಟ್ಟಿದೋಳು ಅಂತ ಇವಾಗ ಕನಿಕರ ಬಂದದೆ, ಪಾಪ. ಇರ್ಲಿ. ಮಷೀನಿನೊಳೀಕೆ ಒಬ್ಬ ಸರ್ವರ್ ಕೂತಿದ್ನಂತೆ!"

ನನ್ನ ಹತ್ತಿರ ತೋರಿಸುವುದಕ್ಕೆ ಏನೂ ಇರಲಿಲ್ಲ. ಇದ್ದದ್ದನ್ನು ಅದೇ ಜಾಗದಲ್ಲಿ ನಾನೇ ಅಳಿಸಿದ್ದೆ.

ಬಸ್ ಸ್ಟ್ಯಾಂಡಿಗೆ ನಡೆಯುವಾಗ "ಅವ್ರ್ ನಂಬ್ನಿಲ್ಲ ಕಣಕ್ಕ" ಎಂದೆ.

"ನಾನೂ ಅಲ್ಲೇ ನಿಂತಿದ್ನಲ್ಲ" ಎಂದಳು. "ಸರ್ಯಾಗೇ ಏಳ್ದೆ ನೀನು. ಒಂದೂ ಬುಡ್ದೆ ಏಳ್ದೆ. ನಾನೂ ಅವತ್ತು ಅಂಗೇ ಏಳಿದ್ದೆ." ಬಸ್ಸು ಬಂತು. ಹತ್ತುವಾಗ "ಮುಂದಿನ್ ಸೋಮವಾರ ಇನ್ನೊಂದ್ ಸಲ ಬರಾನ" ಎಂದಳು.

ಹೋದೆವು. ಅದಾದ ಮೇಲೂ ಬಿಡುವಾದಾಗಲೆಲ್ಲ ಹೋಗುತ್ತಿದ್ದೇವೆ. ಪ್ರತಿ ಸಲವೂ ಅಲ್ಲಿ ಬೇರೆ ಜನ ಇರುತ್ತಾರೆ, ನಾನು ಮೊದಲಿನಿಂದ ಹೇಳುತ್ತೇನೆ. ಮಾಲೀಕರು ಇನ್ನೂ ನಂಬಿಲ್ಲ. ಆದರೆ ಈಗ ನಾವು ಬರುವುದು ಕಂಡರೆ ಒಳಗಿನಿಂದ ಒಂದು ಕುರ್ಚಿ ತರಿಸಿ ಹಾಕುತ್ತಾರೆ. ಅಕ್ಕ ಕೂರುತ್ತಾಳೆ. ನಾನು ನಿಂತುಕೊಂಡು ಹೇಳುತ್ತೇನೆ.